ಗುಜರಿಗೆ ಹೋದ ಮೆಷಿನ್

ಮೂಡುಬಿದಿರೆಯ ನನ್ನ ಮನೆಯ ಶೆಡ್ಡಿನಲ್ಲಿ ಬಟ್ಟೆ ಹಿಂಡುವ ಹಳೆಯ ಮೆಷಿನ್‌ಗಳು ಸಾಲಾಗಿ ನಿಂತಿವೆ. ಒಗೆಯುವ ತೊಟ್ಟಿ, ಅದರ ಮೇಲೆ ಎರಡು ರಬ್ಬರ್ ಉರುಳೆ, ಪಕ್ಕದಲ್ಲಿ ತಿರುಗಿಸುವ ಹಿಡಿ. ನೋಡಲು ಬಂದವರು ನನಗೆ ಹಳೆಯ ವಸ್ತುಗಳೆಂದರೆ ಪ್ರಾಣ ಎಂದುಕೊಳ್ಳುತ್ತಾರೆ. ಸುಳ್ಳು. ಒಂದರ ಮೇಲೂ ನನಗೆ ಪ್ರೀತಿಯಿಲ್ಲ. ನಾನು ಹುಡುಕಿದ್ದು ಅಮ್ಮನ ಮೆಷಿನ್ನನ್ನು, ಸಿಕ್ಕಿದ್ದು ಇವು.

ಅಪ್ಪ ಮುಂಬೈಯ ಹೋಟೆಲೊಂದರ ಲಾಂಡ್ರಿಯಲ್ಲಿದ್ದಾಗ ಅದನ್ನು ತಂದಿದ್ದರು. ಹಿಡಿ ಮುರಿದಾಗ ಅಮ್ಮ ಆಚಾರಿಯಿಂದ ಹಲಸಿನ ಮರದ ಹಿಡಿ ಮಾಡಿಸಿ ಹಾಕಿಸಿದಳು. ಅವಳ ಕೈ ತಾಗಿ ತಾಗಿ ಅದು ನುಣುಪಾಗಿ ಕಪ್ಪಾಗಿತ್ತು. ಕೊನೆಗಾಲದಲ್ಲಿ ಅಮ್ಮ ಮೆಷಿನ್ ಸಮೇತ ಕಕ್ಕಿಂಜೆಯ ಅಕ್ಕನ ಮನೆಗೆ ಹೋದಳು. ಅವಳು ತೀರಿಕೊಂಡ ಮೇಲೆ ನಾನು ಕೇಳಿದ್ದು ಅದೊಂದನ್ನೇ. ಅಕ್ಕನ ಗಂಡ ಎಲೆಯಡಿಕೆ ಜಗಿಯುತ್ತ, "ಅದು ಗುಜರಿಗೆ ಹೋಗಿ ಎಷ್ಟೋ ಕಾಲ ಆಯ್ತಲ್ಲ ಭಾವ" ಎಂದ. ಅಂದಿನಿಂದ ಬಂಟ್ವಾಳ, ಮೆಲ್ಕಾರ್, ಲಾಯಿಲದ ಗುಜರಿ ಅಂಗಡಿಗಳ ತುಕ್ಕನ್ನೆಲ್ಲ ಕೆದಕಿದೆ. ಅಮ್ಮನದಲ್ಲದ್ದು ಸಿಕ್ಕರೂ ಬಿಟ್ಟು ಬರಲು ಮನಸ್ಸಾಗದೆ ಹೊತ್ತು ತಂದೆ. ಹೆಂಡತಿ ತಲೆ ಚಚ್ಚಿಕೊಂಡಳು.

ಕಳೆದ ವರ್ಷ ಮಗಳ ಮದುವೆ ನಿಶ್ಚಯವಾಯಿತು. ಸೋದರತ್ತೆಗೆ ಮನೆಗೇ ಹೋಗಿ ಮದುವೆ ಕಾಗದ ಕೊಡದಿದ್ದರೆ ನಮ್ಮಲ್ಲಿ ಅದು ಕರೆದ ಲೆಕ್ಕವೇ ಅಲ್ಲ. ಹಲ್ಲು ಕಚ್ಚಿಕೊಂಡು ಕಕ್ಕಿಂಜೆಗೆ ಹೋದೆ. ಕಾಲು ತೊಳೆಯಲು ಹಿತ್ತಲಿಗೆ ಹೋದಾಗ, ರಬ್ಬರ್ ಶೀಟು ಒತ್ತುವ ಶೆಡ್ಡಿನಲ್ಲಿ ಅಮ್ಮನ ಮೆಷಿನ್ ನಿಂತಿತ್ತು.

ಅಕ್ಕನ ಗಂಡನೆಂಬ ಮಹಾನುಭಾವ ಅದರಲ್ಲಿ ರಬ್ಬರ್ ಶೀಟು ಒತ್ತಿದ್ದ. ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ಕಬ್ಬಿಣದ ಉರುಳೆಗಳ ನಡುವೆ ಹಾಯಿಸಿ ಶೀಟು ಮಾಡುವುದು ಅಲ್ಲಿ ಮನೆಮನೆಯ ಕೆಲಸ. ಕಬ್ಬಿಣದ ಮೆಷಿನ್ ಕೆಟ್ಟಾಗ ರಿಪೇರಿಗೆ ದುಡ್ಡು ಬಿಚ್ಚಲು ಕೈ ಬಾರದ ಈ ಜಿಪುಣ, ಇದಕ್ಕೂ ಉರುಳೆ ಉಂಟಲ್ಲ ಎಂದು ತುರುಕಿದ್ದಾನೆ. ರಬ್ಬರಿಗೆ ರಬ್ಬರ್ ಕಚ್ಚಿಕೊಳ್ಳದೆ ಇರುತ್ತದೆಯೇ? ಆಮೇಲೆ ಕತ್ತಿಯಿಂದ ಕೆರೆದು ಉರುಳೆಗಳನ್ನು ಚಿಂದಿ ಮಾಡಿದ್ದ. ಮಂಗನ ಕೈಯಲ್ಲಿ ಮಾಣಿಕ್ಯ. ಹಲಸಿನ ಹಿಡಿ ಮಾತ್ರ ಹಾಗೇ ಇತ್ತು.

ಬೆಲ್ಲ ನೀರು ಹಿಡಿದು ಬಂದ ಅಕ್ಕ ನನ್ನ ಮುಖ ನೋಡಿ ನಿಂತಳು. ನಾಚಿಕೆಯನ್ನೇನೂ ಪಡಲಿಲ್ಲ.

"ಅಮ್ಮ ಅದನ್ನು ನನಗೆ ಕೊಟ್ಟದ್ದು. ಉಂಟು ಅಂತ ಹೇಳಿದ್ರೆ ನೀನು ಹೊತ್ತುಕೊಂಡು ಹೋಗ್ತಿದ್ದಿ."

ಹಾಗಾದರೆ ನಾನು ಗುಜರಿ ಅಂಗಡಿಗಳಲ್ಲಿ ಅಲೆಯುವುದು ತಿಳಿದೂ ಇವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಂಡನಿಗಿಂತ ಅವಳ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು. ನೀರು ಮುಟ್ಟಲಿಲ್ಲ. ಕಾಗದವನ್ನು ಚಾವಡಿಯ ಕುರ್ಚಿಯ ಮೇಲಿಟ್ಟೆ. ಅವಳು ಒಳಗೆ ಹೋದದ್ದೇ ತಡ, ಹಿತ್ತಲಿಗೆ ಮರಳಿ ಪಿನ್ನು ಕಿತ್ತು, ಹಿಡಿಯನ್ನು ಎಳೆದು ಕಾರಿನಲ್ಲಿಟ್ಟುಕೊಂಡು ಹೊರಟೆ.

ಮದುವೆಗೆ ಇಬ್ಬರೂ ಬಂದರು. ಬಾರದಿದ್ದರೆ ಜನ ಆಡಿಕೊಳ್ಳುತ್ತಾರೆಂಬ ಭಯ ಅವರಿಗೂ ಉಂಟು. ನಾನು ಊಟದ ಪಂಕ್ತಿಯಲ್ಲಿ ಎಲ್ಲರನ್ನೂ ವಿಚಾರಿಸುತ್ತ ಬಂದಾಗ ಅಕ್ಕ ತಲೆಯೆತ್ತದೆ ಮೆಲ್ಲಗೆ ಕೇಳಿದಳು. ಮೆಷಿನ್ ಹಾಳಾದದ್ದು ಹಾಳಾಯಿತಂತೆ, ಅಮ್ಮನ ನೆನಪಾದಾಗಲೆಲ್ಲ ಆ ಹಿಡಿಯನ್ನೊಮ್ಮೆ ಮುಟ್ಟಿ ಬರುತ್ತಿದ್ದಳಂತೆ, ಅದೀಗ ಎಲ್ಲುಂಟು ಎಂದು.

"ಅದು ಗುಜರಿಗೆ ಹೋಯ್ತಲ್ಲ ಅಕ್ಕ" ಎಂದೆ. ಅವಳ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಲು ಹೇಳಿ ಮುಂದಕ್ಕೆ ಹೋದೆ.