ಸೋಮವಾರದ ರೇಸು, ಮೀನಿನ ಸುದ್ದಿ

ಮೊನ್ನೆಯವರೆಗೆ, ಏಳು ತಿಂಗಳು, ನಾನು ಪತ್ರಿಕೆಯ ಕ್ರೀಡಾಪುಟವನ್ನು ತೆರೆಯಲಿಲ್ಲ. ಅದಕ್ಕೆ ಮೊದಲು ದಿನಾ ತೆರೆಯುತ್ತಿದ್ದೆ ಎಂದು ತಿಳಿಯಬೇಡಿ. ಆಗ ತೆರೆಯದಿದ್ದದ್ದು ಆಸಕ್ತಿ ಇಲ್ಲದೆ. ಈ ಏಳು ತಿಂಗಳು ತೆರೆಯದಿದ್ದದ್ದು ಹೆದರಿಕೆಯಿಂದ. ನಮ್ಮ ಟಿವಿಯ ಸೆಟ್‌ಟಾಪ್ ಬಾಕ್ಸಿನೊಳಗೆ ಒಂದು ಕಾರ್ ರೇಸು ರೆಕಾರ್ಡ್ ಆಗಿ ಕುಳಿತಿತ್ತು. ಅದರಲ್ಲಿ ಯಾರು ಗೆದ್ದರೆಂದು ನನಗೆ ತಿಳಿಯಬಾರದಿತ್ತು. ಅದನ್ನು ರೆಕಾರ್ಡ್ ಮಾಡಿಟ್ಟವನು ನನ್ನ ಅಣ್ಣ. ನೋಡುವುದಕ್ಕೆ ಅವನಿಗೆ ಪುರುಸೊತ್ತು ಸಿಗಲಿಲ್ಲ.

ನಾವಿಬ್ಬರೂ ಮದುವೆಯಾದವರಲ್ಲ. ನಾನು ಬಲ್ಮಠದ ಒಂದು ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದೆ. ಅವನು ಗಲ್ಫಿನ ಗ್ಯಾರೇಜುಗಳಲ್ಲಿ ಅರ್ಧ ಆಯುಷ್ಯ ಕಳೆದು ಬಂದ. ನಾನು ಅವನನ್ನು ಬಾಬ್ ಎಂದೇ ಕರೆಯುತ್ತಿದ್ದೆ. ಕೊಂಕಣಿಯಲ್ಲಿ ಅಣ್ಣನಿಗೆ ಹಾಗೆ ಹೇಳುತ್ತೇವೆ. ಗಲ್ಫಿನಿಂದ ಅವನು ತಂದದ್ದು ಒಂದು ಬೆನ್ನುನೋವು ಮತ್ತು ರೇಸಿನ ಹುಚ್ಚು. ಬೆನ್ನುನೋವಿಗೆ ಎಣ್ಣೆ ಇತ್ತು.

ತೊಂದರೆ ಏನೆಂದರೆ, ರೇಸು ನಡೆಯುವುದು ಹೆಚ್ಚಾಗಿ ಆದಿತ್ಯವಾರ ಸಂಜೆ. ಬಾಬ್ ನಮ್ಮ ವಾಡೊದ ಗುರ್ಕಾರನಾಗಿದ್ದ. ಇಗರ್ಜಿಗೆ ಸೇರಿದ ಮನೆಗಳನ್ನು ವಾಡೊಗಳಾಗಿ ಹಂಚಿರುತ್ತಾರೆ. ಒಂದೊಂದು ವಾಡೊಗೂ ಒಬ್ಬ ಗುರ್ಕಾರ. ಆದಿತ್ಯವಾರ ಸಂಜೆ ಒಂದೊಂದು ಮನೆಯಲ್ಲಿ ಕೂಡಿ ತೇರ್ಸ್, ಅಂದರೆ ಜಪಮಾಲೆ, ನಡೆಸುವುದು ಅವನ ಕೆಲಸ. ಮೊಣಕಾಲೂರಿ ಕೂತವನ ಮನಸ್ಸು ಯಾವ ತಿರುವಿನಲ್ಲಿ ಇರುತ್ತಿತ್ತೆಂದು ದೇವಮಾತೆಗೇ ಗೊತ್ತು. ಐವತ್ತಮೂರು ಮಣಿಗಳನ್ನು ನಮ್ಮ ಬಾಬ್‌ನಷ್ಟು ಬೇಗ ಮುಗಿಸುವ ಗುರ್ಕಾರ ಮಂಗಳೂರಿನಲ್ಲಿ ಇರಲಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ಆದರೂ ರೇಸು ತಪ್ಪುತ್ತಿತ್ತು. ಆದ್ದರಿಂದ ರೆಕಾರ್ಡ್ ಮಾಡಿ ಸೋಮವಾರ ಮಧ್ಯಾಹ್ನ, ಊಟವಾದ ಮೇಲೆ ನೋಡುತ್ತಿದ್ದ.

ಆದಿತ್ಯವಾರ ಸಂಜೆಯಿಂದ ಸೋಮವಾರ ಮಧ್ಯಾಹ್ನದವರೆಗೆ ಇಡೀ ಲೋಕ ಅವನಿಗೆ ವೈರಿ. ಮೊಬೈಲನ್ನು ಅಕ್ಕಿಯ ಡಬ್ಬದ ಮೇಲೆ ಮುಖ ಕೆಳಗೆ ಮಾಡಿ ಇಡುತ್ತಿದ್ದ. ಒಮ್ಮೆ ಪಂಪ್‌ವೆಲ್ಲಿನಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದ ಇಬ್ಬರು ಹುಡುಗಿಯರು ರೇಸಿನ ಮಾತು ತೆಗೆದರಂತೆ. ಇವನು ಎರಡೂ ಕಿವಿಗೆ ಬೆರಳು ತುರುಕಿಕೊಂಡು ಉರಿಬಿಸಿಲಿನಲ್ಲಿ ಕಂಕನಾಡಿಯವರೆಗೆ ನಡೆದು ಬಂದ. "ಬಸ್ಸು ಇರಲಿಲ್ಲವಾ?" ಎಂದು ಕೇಳಿದೆ. "ಬಸ್ಸು ಇತ್ತು. ಅದರೊಳಗೆ ಜನ ಇದ್ದರು" ಎಂದ.

ರೆಕಾರ್ಡ್ ಆದದ್ದನ್ನು ಬೇಗ ಓಡಿಸಬಹುದಲ್ಲ ಎಂಬುದು ನನ್ನ ವಾದ. ಎರಡು ಗಂಟೆ ಒಂದೇ ದಾರಿಯಲ್ಲಿ ಸುತ್ತುವ ಕಾರುಗಳನ್ನು ಕೂತು ನೋಡುವುದೆಂದರೆ! ಅವನು ಜಾಹೀರಾತನ್ನೂ ಬಿಡುತ್ತಿರಲಿಲ್ಲ. "ಓಡಿಸುವ ಕೆಲಸ ಅವರದ್ದು, ಸಿಸ್ಸಿ. ನಮ್ಮದು ಕೂತುಕೊಳ್ಳುವ ಕೆಲಸ." ನಾನೂ ಬಟಾಣಿ ಸುಲಿಯುತ್ತಾ ಕೂರುತ್ತಿದ್ದೆ. ನನಗೆ ತಿಳಿಯುತ್ತಿದ್ದದ್ದು ಒಬ್ಬನೇ, ಹಳದಿ ಹೆಲ್ಮೆಟ್ಟಿನವನು. ವಯಸ್ಸಾಗುತ್ತಿದ್ದ ಚಾಲಕ, ಬಾಬ್‌ನ ಪ್ರೀತಿಯವನು. ಅವನು ಗೆದ್ದದ್ದನ್ನು ನಾನೊಮ್ಮೆಯೂ ನೋಡಲಿಲ್ಲ.

ಇನ್ನು ನಮ್ಮ ನೆರೆಯ ಸದಾನಂದಣ್ಣ. ಪಂಪು, ಮೋಟಾರುಗಳ ವೈಂಡಿಂಗ್ ಮಾಡುವವರು. ಅವರಿಗೆ ಸಂಜೆಯ ತೇರ್ಸ್ ಇಲ್ಲ, ಆದ್ದರಿಂದ ಲೈವ್ ನೋಡುತ್ತಿದ್ದರು. ಅವರಿಗೂ ಹಳದಿ ಹೆಲ್ಮೆಟ್ಟೇ ಬೇಕು. ಅವರು ಬಾಯಿ ಬಿಡುವವರಲ್ಲ. ಆದರೆ ಹಳದಿ ಹೆಲ್ಮೆಟ್ಟಿನವನ ಕಾರು ಕೆಟ್ಟ ಮರುದಿನ ಕಂಪೌಂಡ್ ಗೋಡೆಯ ಹತ್ತಿರ ಸುಳಿಯುತ್ತಿರಲಿಲ್ಲ. ಬಾಬ್ ಖಾಲಿ ಗೋಡೆಯನ್ನು ನೋಡಿಯೇ ಫಲಿತಾಂಶ ಓದಿಬಿಡುತ್ತಿದ್ದ.

ಕೊನೆಗೆ ಒಂದು ಸೋಮವಾರ ಗೋಡೆಯ ಬಳಿ ದೊಡ್ಡ ಜಗಳವೇ ಆಯಿತು.

"ನೀವು ಎಂತ ಮಾರಾಯ್ರೆ, ಮುಖ ತೋರಿಸದೆ ಕೂತರೆ ನನಗೆ ಗೊತ್ತಾಗುವುದಿಲ್ಲವಾ?"

"ಮುಖ ತೋರಿಸಿದರೂ ನಿಮಗೆ ಗೊತ್ತಾಗ್ತದೆ ಪೊರ್ಬುಲೇ. ನಾನು ಮುಖವನ್ನು ಎಲ್ಲಿ ಇಟ್ಟು ಬರುವುದು?" ಪೊರ್ಬುಲು ಎಂದರೆ ತುಳುವರು ನಮ್ಮ ಗಂಡಸರನ್ನು ಗೌರವದಿಂದ ಕರೆಯುವ ಮಾತು; ಹೆಂಗಸರಿಗೆ ಬಾಯಮ್ಮ.

"ಮುಖ ಇರಲಿ. ಗೆದ್ದರೂ ಸೋತರೂ ಸೋಮವಾರ ಇಲ್ಲಿ ಬಂದು ನಿಲ್ಲಬೇಕು. ಮೀನಿನ ಸುದ್ದಿ ಮಾತ್ರ ಮಾತಾಡಬೇಕು."

ಅಂದಿನಿಂದ ಅದೇ ಕಟ್ಟಳೆ. ಸದಾನಂದಣ್ಣ ಪ್ರತಿ ಸೋಮವಾರ ಗೋಡೆಗೆ ಮೊಣಕೈ ಊರಿ, ಧಕ್ಕೆಗೆ, ಅಂದರೆ ಮೀನಿನ ಬಂದರಿಗೆ, ಇಂದು ಯಾವ ಮೀನು ಬಂದಿದೆ, ಬಂಗುಡೆಯೋ ಬೂತಾಯಿಯೋ, ಬೆಂಗ್ರೆಯವರ ಬಲೆಗೆ ಏನು ಬಿತ್ತು ಎಂದು ಪಾಠ ಒಪ್ಪಿಸುತ್ತಿದ್ದರು. ರೇಸು ನೋಡಿ ಮುಗಿಯುವ ತನಕ ಬೇರೆ ಮಾತಿಲ್ಲ.

ಮುಂದಾಗುವುದು ಗೊತ್ತಿದ್ದರೆ ರುಚಿ ಕೆಡುತ್ತದೆಯೇ ಎಂದು ನಾನು ಬಹಳ ಯೋಚಿಸಿದ್ದೇನೆ. ಶುಭ ಶುಕ್ರವಾರದ ಶಿಲುಬೆಯ ಪಾಡುಗಳ ಕಥೆಯ ಕೊನೆ ನಮಗೆ ಚಿಕ್ಕಂದಿನಿಂದಲೇ ಗೊತ್ತು. ಆದರೂ ಪ್ರತಿ ವರ್ಷ ಅಳುತ್ತೇವೆ. ಯಕ್ಷಗಾನಕ್ಕೆ ಹೋಗುವ ಸದಾನಂದಣ್ಣನಿಗೆ ಯಾರು ಸಾಯುತ್ತಾರೆಂದು ಗೊತ್ತು. ಆದರೂ ಬೆಳಗಿನವರೆಗೆ ಕೂರುತ್ತಾರೆ. ಇದನ್ನು ಬಾಬ್‌ಗೆ ಹೇಳಿದಾಗ ಅವನು ಅಮ್ಮನ ಮಾತು ತೆಗೆದ. ಅಮ್ಮ ತೀರಿಕೊಂಡಾಗ ಅವನು ಗಲ್ಫಿನಲ್ಲಿದ್ದ. ಆಗಿನ ಕ್ರಮದಂತೆ ನಾನು "ತಾಯಿ ಸೀರಿಯಸ್, ಹೊರಟು ಬಾ" ಎಂದು ಟೆಲಿಗ್ರಾಂ ಕೊಟ್ಟಿದ್ದೆ. ಸತ್ತಿದ್ದಾರೆಂದು ಯಾರೂ ಬರೆಯುತ್ತಿರಲಿಲ್ಲ. "ಸೀರಿಯಸ್ ಅಂದರೆ ಎಂತ ಅಂತ ನನಗೆ ಗೊತ್ತಿತ್ತು ಸಿಸ್ಸಿ. ಆದರೆ ಬರೆದಿರಲಿಲ್ಲವಲ್ಲ! ಮನೆ ಮುಟ್ಟುವವರೆಗೆ ಒಂದೂವರೆ ದಿನ ಅಮ್ಮ ನನಗೆ ಹೆಚ್ಚು ಸಿಕ್ಕಿದರು."

ಕಳೆದ ವರ್ಷ ಅವನ ಹೊಟ್ಟೆನೋವಿನ ರಿಪೋರ್ಟು ಬಂದಾಗ ಡಾಕ್ಟರರು ನನ್ನೊಬ್ಬಳನ್ನೇ ಒಳಗೆ ಕರೆದರು. ಹೊರಗೆ ಬರುವಾಗ ನನ್ನ ಮುಖವನ್ನು ಎಲ್ಲಿ ಇಟ್ಟು ಬರುವುದೆಂದು ತಿಳಿಯಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಬಾಬ್ ತಲೆ ಎತ್ತಿ, "ಎಂತ ಹೇಳಿದರು?" ಎಂದು ಕೇಳಿದ.

"ಏನಿಲ್ಲ. ಹೋಗುವಾಗ ಬಂಗುಡೆ ತೆಗೆದುಕೊಂಡು ಹೋಗುವಾ" ಎಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ನಕ್ಕ. ಆ ಉದ್ದನೆಯ ವರಾಂಡದಲ್ಲಿ ಜನ ತಿರುಗಿ ನೋಡುವಷ್ಟು ನಕ್ಕ. ನನ್ನ ಬಾಯಿಯಿಂದ ಏನು ಬಂತೆಂದು ನನಗೆ ತಿಳಿದದ್ದು ಆಗಲೇ. "ಸರಿ, ಬಂಗುಡೆಯೇ ಆಗಲಿ" ಎಂದು ನನ್ನ ಭುಜ ಹಿಡಿದುಕೊಂಡು ಎದ್ದ. ಆಮೇಲೆ ಎಂಟು ತಿಂಗಳು ನಾವು ಆ ಕಾಯಿಲೆಯ ಹೆಸರನ್ನು ಎತ್ತಲಿಲ್ಲ.

ಆ ಕೊನೆಯ ಆದಿತ್ಯವಾರ ತೇರ್ಸಿಗೆ ಹೋಗಲು ಅವನ ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ. ಮನೆಯಲ್ಲೇ ಇದ್ದ, ಲೈವ್ ನೋಡಬಹುದಿತ್ತು. ಆದರೂ ರೆಕಾರ್ಡ್ ಹಾಕಿ, ಟಿವಿ ಆರಿಸಿ, ಜಪಮಾಲೆ ಹಿಡಿದು ಮಲಗಿದ. "ನಾಳೆ ನೋಡುವಾ" ಎಂದ. ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದೆವು. ಬುಧವಾರ ಹೋದ.

ಮನೆಯ ಚಾವಡಿಯಲ್ಲಿ ಅವನನ್ನು ಮಲಗಿಸಿದ್ದಾಗ ಬಂದವರೆಲ್ಲ ಅವರವರಿಗೆ ತೋಚಿದ ಸಮಾಧಾನ ಹೇಳಿದರು. ಸದಾನಂದಣ್ಣ ಒಂದು ಮೂಲೆಯಲ್ಲಿ ತುಂಬ ಹೊತ್ತು ನಿಂತಿದ್ದು, ಕೊನೆಗೆ ಪೆಟ್ಟಿಗೆಯ ಬಳಿ ಬಂದು ಕೈಮುಗಿದು ಬಾಗಿದರು. "ಪೊರ್ಬುಲೇ, ಇವತ್ತು ಧಕ್ಕೆಗೆ ಬೂತಾಯಿ ತುಂಬ ಬಂದು ಉಂಟು" ಎಂದರು. ಪಾದ್ರಿಗಳು ಕನ್ನಡಕದ ಮೇಲಿಂದ ನೋಡಿದರು. ಯಾರೋ ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು, ಕುಡಿದಿದ್ದಾರೆಂದು ಭಾವಿಸಿರಬೇಕು. ಆ ಮೂರು ದಿನಗಳಲ್ಲಿ ನಾನು ಮೊದಲ ಬಾರಿ ಅತ್ತದ್ದು ಆಗ. ಅವನು ರೇಸು ನೋಡಿರಲಿಲ್ಲವಲ್ಲ. ಸದಾನಂದಣ್ಣ ಕಟ್ಟಳೆ ಮುರಿಯಲಿಲ್ಲ.

ಆಮೇಲೆ ಏಳು ತಿಂಗಳು ಅವರು ನನ್ನೊಡನೆಯೂ ಮೀನಿನ ಸುದ್ದಿಯನ್ನೇ ಮಾತಾಡಿದರು. ಹಳೆಯ ರೇಸಿನ ಫಲಿತಾಂಶವನ್ನು ಈಗ ಯಾರೂ ಬಾಯಿತಪ್ಪಿ ಹೇಳುವುದಿಲ್ಲ ಎಂದು ನನಗೂ ಗೊತ್ತಿತ್ತು. ಲೋಕ ಎಷ್ಟೋ ರೇಸು ಮುಂದೆ ಹೋಗಿದೆ. ತೇರ್ಸಿನಲ್ಲಿ ಬೇರೆ ಗುರ್ಕಾರ, ನಿಧಾನವಾಗಿ ಮಣಿ ಎಣಿಸುವವರು. ಬಾಬ್‌ನ ಹೆಸರನ್ನೂ ಈಗ ಯಾರೂ ಬಾಯಿತಪ್ಪಿಯೂ ಎತ್ತುವುದಿಲ್ಲ. ಆದರೆ ನಮ್ಮ ಟಿವಿಯೊಳಗೆ ಅವನ ಒಂದು ಸೋಮವಾರ ಬಾಕಿ ಇತ್ತು. ಅದನ್ನು ನೋಡಿ ಮುಗಿಸಿದರೆ ಅವನು ನೋಡಬೇಕಾದದ್ದು ಏನೂ ಉಳಿಯುವುದಿಲ್ಲ.

ಕಳೆದ ವಾರ ಕೇಬಲ್ಲಿನವರು ಫೋನ್ ಮಾಡಿದರು. ಹಳೆಯ ಬಾಕ್ಸುಗಳನ್ನೆಲ್ಲ ಬದಲಾಯಿಸುತ್ತಾರೆ, ಮಂಗಳವಾರ ಬರುತ್ತಾರೆ. ಒಳಗಿನ ರೆಕಾರ್ಡಿಂಗ್ ಉಳಿಯುತ್ತದೆಯೇ ಎಂದು ಕೇಳಿದೆ. "ಅದೆಲ್ಲ ಹೋಗ್ತದೆ ಮೇಡಂ, ಮುಖ್ಯದ್ದು ಎಂತಾದ್ರೂ ಉಂಟಾ?" ಎಂದ ಫೋನಿನ ಹುಡುಗ. ಏನು ಹೇಳುವುದು? ಒಂದು ಕಾರ್ ರೇಸು ಎಂದೆ. ಅವನು ನಗಲಿಲ್ಲ, ಅದು ಅವನ ಒಳ್ಳೆಯತನ.

ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಗೋಡೆಯ ಬಳಿ ಹೋಗಿ ಸದಾನಂದಣ್ಣನನ್ನು ಕರೆದೆ. ಅಂಗಿ ಬದಲಾಯಿಸಿ, ತಲೆ ಬಾಚಿಕೊಂಡು ಬಂದರು. ಬಾಬ್‌ನ ಕುರ್ಚಿಯಲ್ಲಿ ಇಬ್ಬರೂ ಕೂರಲಿಲ್ಲ. ನಾನು ಬಟಾಣಿ ತಂದಿಟ್ಟುಕೊಂಡೆ. ಎರಡು ಗಂಟೆ, ಜಾಹೀರಾತೂ ಸೇರಿ, ನೋಡಿದೆವು. ನಾನು ಕಾರುಗಳಿಗಿಂತ ಹೆಚ್ಚು ಅವರ ಮುಖ ನೋಡಿದೆ. ಏಳು ತಿಂಗಳ ಹಿಂದೆಯೇ ಎಲ್ಲ ತಿಳಿದಿದ್ದ ಆ ಮನುಷ್ಯ ತಿರುವು ಬಂದಾಗಲೆಲ್ಲ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದರು.

ಹಳದಿ ಹೆಲ್ಮೆಟ್ಟಿನವನು ಹನ್ನೊಂದನೆಯವನಾಗಿ ಬಂದ. ಕಾರು ಕೆಡಲಿಲ್ಲ, ಯಾರಿಗೂ ಬಡಿಯಲಿಲ್ಲ. ಅವನು ಯಾವಾಗಲೂ ಬರುತ್ತಿದ್ದ ಹಾಗೆ ಬಂದ. ಇಷ್ಟಕ್ಕಾಗಿ ನಾನು ಪತ್ರಿಕೆ ಮಡಚಿಟ್ಟೆ, ಅವರು ಮೀನು ಹೇಳಿದರು.

ನಾನು ಟಿವಿ ಆರಿಸಿದೆ. ಕಟ್ಟಳೆಯೂ ಮುಗಿಯಿತು. ಸದಾನಂದಣ್ಣ ತಲೆ ತಗ್ಗಿಸಿ ಕೂತಿದ್ದರು. "ಬಾಯಮ್ಮ, ಪೊರ್ಬುಲು ಹೋದ ಮೇಲೆ ನಾನು ಒಂದು ರೇಸೂ ನೋಡ್ಲಿಲ್ಲ. ಯಾರಿಗೆ ಹೇಳದೆ ಇರುವುದು ಅಂತ ನೋಡುವುದು?" ಎಂದರು. ಈ ಏಳು ತಿಂಗಳು ದುಃಖ ನನ್ನೊಬ್ಬಳದೇ ಎಂದುಕೊಂಡಿದ್ದೆ; ಗೋಡೆಯ ಆಚೆಯೂ ಅದು ಮೊಣಕೈ ಊರಿ ನಿಂತಿತ್ತು.

ಏನಾದರೂ ಹೇಳಬೇಕಿತ್ತು. ನನಗೆ ಬಂದದ್ದು ಒಂದೇ.

"ನಾಳೆ ಬಂಗುಡೆ ಸಿಗಬಹುದಾ ಸದಾನಂದಣ್ಣ?"

ಅವರು ಕಣ್ಣೊರೆಸಿಕೊಂಡು ಎದ್ದರು.

"ಸಿಗ್ತದೆ ಬಾಯಮ್ಮ. ನಿಮಗೂ ತರ್ತೇನೆ."