ಮನೆಗಿಂತ ಮೊದಲು ಬಂದ ಬಾಗಿಲು

ಎದೆಲ್ಮಿರಾಳ ಮನೆಗಿಂತ ಹನ್ನೊಂದು ವರ್ಷ ಮೊದಲೇ ಅವಳ ಬಾಗಿಲು ಬಂದಿತ್ತು. ಬಡಗಿ ಅಬ್ದಿಯೆಲನ ಮಗಳು ಕಾರ್ನಿವಲ್‌ಗೆ ಉಡುವ ಪೊಯೆರಾ ಲಂಗಕ್ಕೆ ಎದೆಲ್ಮಿರಾ ಎಂಟು ತಿಂಗಳು ಕೂತು ಲೇಸು ಹೆಣೆದುಕೊಟ್ಟಿದ್ದಳು. ಪ್ರತಿಯಾಗಿ ಏನು ಬೇಕು ಎಂದು ಅಬ್ದಿಯೆಲ್ ಕೇಳಿದ. ಬಾಗಿಲು ಬೇಕು ಎಂದಳು. ಯಾವ ಅಳತೆಗೆ ಎಂದು ಕೇಳಿದಾಗ, ತಾನು ನೇರ ನಿಂತು ನಡೆದುಹೋಗುವಷ್ಟು ಎಂದಳು. ಅವನು ನಗಲಿಲ್ಲ. ಕೆಂಪು ಮರದ ಗಟ್ಟಿ ಹಲಗೆ ಆರಿಸಿ, ಕಬ್ಬಿಣದ ಅಗುಳಿ ಹಾಕಿ ಮಾಡಿಕೊಟ್ಟ.

ನಕ್ಕವರು ಉಳಿದವರೆಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಎಂದು ಆಡಿಕೊಂಡರು. ಬಾಗಿಲು ಅಣ್ಣ ದೀಮಾಸನ ಮನೆಯ ಹಿಂದಿನ ಚಪ್ಪರದಲ್ಲಿ ಎರಡು ಕಲ್ಲಿನ ಮೇಲೆ ಮಲಗಿತು. ಅದರ ಮೇಲೆ ಜೋಳ ಒಣಗಿತು, ಬಟ್ಟೆ ಇಸ್ತ್ರಿಯಾಯಿತು, ಅಣ್ಣನ ಮಕ್ಕಳು ಕೂತು ಅಕ್ಷರ ಕಲಿತರು. ಪ್ರತಿ ಶನಿವಾರ ಎದೆಲ್ಮಿರಾ ಅಗುಳಿಗೆ ಎಣ್ಣೆ ಹಾಕುತ್ತಿದ್ದಳು.

ಆ ಮನೆಯಲ್ಲಿ ಅವಳಿಗೆಂದು ಇದ್ದದ್ದು ಅಡುಗೆಮನೆಯ ಮೂಲೆಯಲ್ಲಿ ಒಂದು ಮಂಚ, ಮಂಚಕ್ಕೊಂದು ಪರದೆ. ಅಮ್ಮ ಸತ್ತಾಗ ಅವಳಿಗೆ ಹದಿಮೂರು. ಅಂದಿನಿಂದ ಅಣ್ಣನಿಗೆ ಬೇಯಿಸಿ ಹಾಕಿದಳು, ಅತ್ತಿಗೆ ಸೆನೋಬಿಯಾ ಬಂದ ಮೇಲೆ ಅವಳ ನಾಲ್ಕು ಬಾಣಂತನ ಮಾಡಿದಳು. ಒಮ್ಮೆ ಒಬ್ಬ ಉಪ್ಪಿನ ವ್ಯಾಪಾರಿ ಹೆಣ್ಣು ಕೇಳಿಕೊಂಡು ಬಂದಿದ್ದ. ಮಕ್ಕಳನ್ನು ಯಾರು ನೋಡಿಕೊಳ್ಳೋದು ಎಂದು ದೀಮಾಸ್ ಅವನನ್ನು ಅಂಗಳದಿಂದಲೇ ಕಳಿಸಿದ. ದೀಮಾಸ್ ಕೆಟ್ಟವನೇನಲ್ಲ. ಕೈಗೆ ಸಿಕ್ಕಿದ್ದೆಲ್ಲ ತನ್ನದೇ ಎಂದುಕೊಂಡಿದ್ದವನು, ಅಷ್ಟೆ.

ಎದೆಲ್ಮಿರಾಳ ಐವತ್ತಮೂರನೆಯ ವಯಸ್ಸಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ, ಅನ್ನ ಕಲಸುತ್ತಲೇ ದೀಮಾಸ್ ಎರಡು ಮಾತು ಹೇಳಿದ. ಹಿರಿಮಗನ ಮದುವೆ ಗೊತ್ತಾಗಿದೆ, ಹುಡುಗಿ ಬಂದರೆ ಜಾಗ ಸಾಲದು, ಎದೆಲ್ಮಿರಾ ಜೋಳದ ಕಣಜದ ಪಕ್ಕ ಮಲಗಿದರಾಯಿತು. ಮುಂದೆ ಮಗ ಸಿಮೆಂಟಿನ ಮನೆ ಕಟ್ಟುವಾಗ ಆ ಕೆಂಪು ಬಾಗಿಲು ಅದಕ್ಕಾಗುತ್ತದೆ, ಹೇಗೂ ಸುಮ್ಮನೆ ಬಿದ್ದಿದೆಯಲ್ಲ.

"ಕಣಜದ ಹತ್ರ ಬೇಕಾದ್ರೆ ಮಲಗ್ತೀನಿ," ಎಂದಳು ಎದೆಲ್ಮಿರಾ. "ಬಾಗಿಲು ಮಾತ್ರ ಕೊಡಲ್ಲ."

ಅವಳು ಹಾಗೆ ಕಡ್ಡಿ ಮುರಿದಂತೆ ಮಾತಾಡಿದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ. ಬಾಗಿಲಿಟ್ಟುಕೊಂಡು ಏನು ಮಾಡ್ತೀಯ ಎಂದು ಅಣ್ಣ ಕೇಳಿದ. ಮನೆ ಕಟ್ಟುತ್ತೇನೆ ಎಂದಳು. ಅವನು ನಕ್ಕು ತಟ್ಟೆ ಮುಂದಕ್ಕೆ ತಳ್ಳಿದ. ಅವಳು ಆ ತಟ್ಟೆಯನ್ನು ಎತ್ತಲಿಲ್ಲ. ಸಂಜೆಯವರೆಗೂ ಅದು ಅಲ್ಲೇ ಇತ್ತು.

ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಎನ್ನುತ್ತಾರಲ್ಲ, ನಮ್ಮೂರು ಲಾ ಪಿತಾಯಾದಲ್ಲಿ ಹಿಂದಿನಿಂದಲೂ ಎರಡೂ ಒಂದೇ ದಿನ. ಹೊಸ ಜೋಡಿ ಕಂಬ ನೆಟ್ಟು, ಬಿದಿರ ದಬ್ಬೆ ಕಟ್ಟಿ, ಹೆಂಚು ಹೊದಿಸಿ ಕಾಯುತ್ತದೆ. ಬೇಸಿಗೆಯ ಒಂದು ದಿನ ಊರೆಲ್ಲ ಸೇರಿ ಹುಲ್ಲು ಬೆರೆಸಿದ ಮಣ್ಣನ್ನು ತುಳಿದು, ಮುದ್ದೆ ಮಾಡಿ, ದಬ್ಬೆಗಳ ನಡುವೆ ತುಂಬಿ ಗೋಡೆ ಎಬ್ಬಿಸುತ್ತಾರೆ. ಇದಕ್ಕೆ ಹುಂತಾ ಎನ್ನುತ್ತೇವೆ. ಬೆಳಗ್ಗೆ ಶುರುವಾದದ್ದು ಹೊತ್ತು ಮುಳುಗುವುದರೊಳಗೆ ಮುಗಿಯಬೇಕು, ಇಲ್ಲವಾದರೆ ಹಳೆ ಮಣ್ಣು ಹೊಸ ಮಣ್ಣು ಕೂಡದೆ ಗೋಡೆ ಬಿರಿಯುತ್ತದೆ. ಮೂವತ್ತು ಜನವಾದರೂ ಇಲ್ಲದೆ ಆಗುವ ಕೆಲಸವಲ್ಲ. ಮದುವೆಯಿಲ್ಲದೆ ಹುಂತಾ ನಡೆದದ್ದಂತೂ ಯಾರ ನೆನಪಿನಲ್ಲೂ ಇರಲಿಲ್ಲ.

ಹೊಳೆಯ ಪಕ್ಕ, ದೊಡ್ಡ ಕೊರೊತೂ ಮರದ ಕೆಳಗೆ, ಅಮ್ಮ ಅವಳ ಹೆಸರಿಗೆ ಬಿಟ್ಟುಹೋದ ಒಂದು ಪಟ್ಟಿ ನೆಲವಿತ್ತು. ಡಿಸೆಂಬರ್ ಪೂರ್ತಿ ಅವಳು ಅಲ್ಲಿ ಬಳ್ಳಿ ಹಿಡಿದು ದಬ್ಬೆ ಕಟ್ಟಿದಳು. ಕಂಬ ನೆಡಲು, ಹೆಂಚು ಹೊದಿಸಲು ಅಬ್ದಿಯೆಲ್ ಬಂದ. ಗೋಡೆಯಿಲ್ಲದ ಆ ಹಂದರಕ್ಕೆ ಎಲ್ಲಕ್ಕಿಂತ ಮೊದಲು ಬಾಗಿಲು ಕೂರಿಸಿದರು. ಆಮೇಲೆ ಎದೆಲ್ಮಿರಾ ಮನೆಮನೆಗೆ ಹೋಗಿ, ಜನವರಿ ಇಪ್ಪತ್ತಕ್ಕೆ ನನ್ನ ಹುಂತಾ, ಬನ್ನಿ ಎಂದು ಕರೆದಳು.

ಊರ ಬಾಯಿಗೆ ಅಷ್ಟು ಸಾಕಾಯಿತು. ಹುಂತಾ ಅಂದ ಮೇಲೆ ಗಂಡು ಇರಲೇಬೇಕು. ಗ್ವಾರಾರೆಯ ಕಡೆಯ ವಿಧುರನಂತೆ, ದಪ್ಪ ಮೀಸೆಯಂತೆ, ಮೂರು ಹಸು ಇವೆಯಂತೆ. ವಾರ ಕಳೆಯುವುದರೊಳಗೆ ಹಸುಗಳು ಹನ್ನೆರಡಾದವು. ಎದೆಲ್ಮಿರಾಳ ಕಿವಿಗೂ ಸುದ್ದಿ ಬಿತ್ತು. ಬಂದು ಕೇಳಿದ್ದರೆ ನಿಜ ಹೇಳುತ್ತಿದ್ದಳು. ಊರಿನವರು ಎಲ್ಲರನ್ನೂ ಕೇಳಿದರು, ಅವಳೊಬ್ಬಳನ್ನು ಬಿಟ್ಟು.

ಇಪ್ಪತ್ತರ ಬೆಳಗ್ಗೆ ಕೊರೊತೂ ಮರದ ಕೆಳಗೆ ಐವತ್ತಕ್ಕೂ ಹೆಚ್ಚು ಜನ. ಹೆಂಗಸರು ತಲೆಗೆ ಹೂ ಮುಡಿದು ಬಂದಿದ್ದರು, ಗಂಡಸರು ಮೀಸೆ ನೋಡಲು ಬಂದಿದ್ದರು. ದೊಡ್ಡ ಹಂಡೆಯಲ್ಲಿ ಕೋಳಿ ಅನ್ನ ಬೇಯುತ್ತಿತ್ತು, ಕುಡಿಯಲು ಗುಡಾಣದಲ್ಲಿ ಜೋಳದ ಚಿಚಾ ತುಂಬಿತ್ತು. ಹುಂತಾದಲ್ಲಿ ಮೊದಲ ಕೂಗು ಹಾಕುವವನು ಮುದುಕ ಬ್ರೇದಿಯೊ. ಅವನು ಕೂಗದೆ ಉಳಿದವರು ಯಾರೂ ಮಣ್ಣಿಗೆ ಇಳಿಯುವುದಿಲ್ಲ, ಗಂಡುಹೆಣ್ಣು ಕೈಹಿಡಿದು ಮಣ್ಣಿಗೆ ಇಳಿಯದೆ ಅವನು ಕೂಗುವುದಿಲ್ಲ. ಗಂಡನ್ನು ಕರೆಯಮ್ಮ, ಬಿಸಿಲೇರುತ್ತೆ ಎಂದ ಬ್ರೇದಿಯೊ.

"ಗಂಡು ಯಾರೂ ಇಲ್ಲ ತಾತ," ಎಂದಳು ಎದೆಲ್ಮಿರಾ. "ಮನೆ ನನಗೆ."

ಯಾರೋ ಕಿಸಕ್ಕನೆ ನಕ್ಕರು. ಮೋಸ ಎಂದು ಇನ್ಯಾರೋ ಗೊಣಗಿದರು. ಅಂಚಿನಲ್ಲಿ ನಿಂತಿದ್ದ ನಾಲ್ಕೈದು ಗಂಡಸರು ಟೋಪಿ ಸರಿಮಾಡಿಕೊಂಡು ಹೊರಡಲು ತಿರುಗಿದರು. ಇವರು ಹೋದರೆ ಕಣಜದ ಪಕ್ಕದ ಚಾಪೆಯೇ ಕೊನೆಯವರೆಗೂ ಗತಿ ಎಂದು ಎದೆಲ್ಮಿರಾಳಿಗೆ ಗೊತ್ತಿತ್ತು.

"ಸಿಲ್ವೆರಿಯೋ, ನಿನ್ನ ಗೋಡೆಗೆ ಮಣ್ಣು ತುಳಿದಾಗ ನನಗೆ ಜ್ವರ ಇತ್ತು," ಎಂದಳು, ಹೊರಟವರಲ್ಲಿ ಮುಂದಿದ್ದವನಿಗೆ. "ಹದಿನಾರನೇ ವಯಸ್ಸಿಂದ ಈ ಊರಲ್ಲಿ ನಾನು ತುಳೀದ ಮಣ್ಣಿಲ್ಲ. ನಿಮ್ಮೆಲ್ಲರ ಗೋಡೇಲೂ ನನ್ನ ಹೆಜ್ಜೆ ಇದೆ. ಆವಾಗ ಒಬ್ಬರಾದ್ರೂ ಕೇಳಿದ್ರಾ, ನಿನ್ನ ಗಂಡ ಎಲ್ಲಿ ಅಂತ?"

ಅವಳು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಯಾರ ಕೈಯೂ ಹಿಡಿಯದೆ ಒಬ್ಬಳೇ ಮಣ್ಣಿಗೆ ಇಳಿದಳು. ಕೆಸರು ಮೀನಖಂಡದವರೆಗೂ ತಣ್ಣಗೆ ಏರಿತು. ತುಳಿಯತೊಡಗಿದಳು. ಅಷ್ಟು ಅಗಲದ ಮಣ್ಣಿನ ಗುಂಡಿಯಲ್ಲಿ ಒಂದು ಜೊತೆ ಕಾಲು ಎಷ್ಟು ತುಳಿದೀತು? ಆದರೂ ಅವಳು ತಲೆಯೆತ್ತಲಿಲ್ಲ, ನಿಲ್ಲಿಸಲೂ ಇಲ್ಲ.

ಜನರ ನಡುವಿನಿಂದ ಮೊದಲು ಹೊರಬಂದವಳು ಸೆನೋಬಿಯಾ. ಇಪ್ಪತ್ತೇಳು ವರ್ಷ ಒಂದೇ ಒಲೆಯ ಮುಂದೆ ಎದೆಲ್ಮಿರಾಳೊಂದಿಗೆ ಜಗಳವಾಡಿದ ಅತ್ತಿಗೆ. ಗಂಡ ಹೋಗಬೇಡ ಎಂದಿದ್ದರೂ ಬಂದಿದ್ದಳು. ಚಪ್ಪಲಿ ಬಿಟ್ಟು, ತಲೆಯ ಹೂವನ್ನು ತೆಗೆದು ಪಕ್ಕದವಳ ಕೈಗಿಟ್ಟಳು.

"ಇವಳು ನನ್ನ ಅಡುಗೆಮನೆ ಬಿಟ್ಟು ಹೋಗೋದಾದ್ರೆ, ಎರಡು ಕಾಲಲ್ಲ, ನಾಲ್ಕು ಕಾಲಲ್ಲಿ ತುಳೀತೀನಿ," ಎಂದಳು.

ಊರು ಗೊಳ್ಳೆಂದು ನಕ್ಕಿತು. ಸೆನೋಬಿಯಾ ಕೆಸರಿಗಿಳಿದು ನಾದಿನಿಯ ಕೈ ಹಿಡಿದಳು. ಬಿಗಿಯಾಗಿಯೇ ಹಿಡಿದಳು, ಆದರೆ ಮುಖ ಮಾತ್ರ ಎಂದಿನಂತೆ ಗಂಟಿಕ್ಕಿಕೊಂಡೇ ಇದ್ದಳು. ಬ್ರೇದಿಯೊ ಇಬ್ಬರನ್ನೂ ನೋಡಿದ. ಇಬ್ಬರು ಕೈ ಹಿಡಿದದ್ದಂತೂ ಆಯಿತು, ಅಷ್ಟು ಸಾಕು ಎಂದು ಗೊಣಗಿ, ಕಿವಿಗೆ ಅಂಗೈ ಹಚ್ಚಿ, ಹೊಳೆಯಾಚೆಗೂ ಕೇಳುವ ಹಾಗೆ ಉದ್ದಕ್ಕೆ ಕೂಗು ಹಾಕಿದ. ಬಡಗಿ ಇಳಿದ, ಸಿಲ್ವೆರಿಯೊ ಟೋಪಿ ತೆಗೆದಿಟ್ಟು ಇಳಿದ, ಆಮೇಲೆ ಯಾರು ಯಾವಾಗ ಇಳಿದರು ಎಂದು ಹೇಳಲಾಗದು.

ಮಧ್ಯಾಹ್ನಕ್ಕೆ ಗೋಡೆ ಎದೆಮಟ್ಟ ಬಂತು. ವಾಡಿಕೆಯಂತೆ ಗಂಡಿನ ಮೇಲೆ ಎರಚಬೇಕಾಗಿದ್ದ ಕೆಸರನ್ನೆಲ್ಲ ಸಿಲ್ವೆರಿಯೊ ಮೇಲೆ ಎರಚಿದರು. ಹೊತ್ತು ಇಳಿಯುವಾಗ ಕೊನೆಯ ಮುದ್ದೆಯನ್ನು ಎದೆಲ್ಮಿರಾಳೇ ಬಾಗಿಲಿನ ಮೇಲಿನ ಸಂದಿಗೆ ಒತ್ತಿ, ಅಂಗೈಯಿಂದ ಸವರಿದಳು. ಊಟ ಮುಗಿಸಿ ಜನ ಚದುರಿದರು. ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿ ಅಗುಳಿ ಹಾಕಿದಳು. ಹಸಿ ಮಣ್ಣಿನ ವಾಸನೆಯ ನಡುವೆ ಸುಮ್ಮನೆ ನಿಂತಳು. ಪರದೆಯಿಲ್ಲ, ಯಾರ ಕೆಮ್ಮೂ ಇಲ್ಲ. ಅವಳಿಗೆ ಅಳು ಬಂತು, ಅತ್ತಳು.

ಆಗ ದೀಮಾಸ್ ಬಂದ. ದಿನವಿಡೀ ಮನೆಯಲ್ಲಿ ಕೂತು ಸಾಕಾಗಿತ್ತೋ, ಹಸಿವಾಗಿತ್ತೋ, ಎಂದಿನಂತೆ ನೇರ ಬಂದು ಬಾಗಿಲು ತಳ್ಳಿದ. ಅದು ಅಲ್ಲಾಡಲಿಲ್ಲ. ಇನ್ನೊಮ್ಮೆ ತಳ್ಳಿದ. ಹಂಡೆ ತೊಳೆಯುತ್ತಿದ್ದ ಸೆನೋಬಿಯಾ ತಲೆ ಎತ್ತದೆಯೇ, ತಟ್ಟಿ ನೋಡಿ ಎಂದಳು.

ಅವನು ಕೈ ಹಿಂದಕ್ಕೆ ತೆಗೆದ. ಆಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ.

ಯಾರೆಂದು ಎದೆಲ್ಮಿರಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕಣ್ಣೊರೆಸಿಕೊಂಡು, ಕೈಯ ಮಣ್ಣನ್ನು ಲಂಗಕ್ಕೆ ಒರೆಸಿ, ನಿಧಾನವಾಗಿ ಬಾಗಿಲ ಹತ್ತಿರ ಬಂದಳು.

"ಯಾರು?" ಎಂದಳು.

"ನಾನು ಕಣೆ. ದೀಮಾಸ್. ಒಳಗೆ ಬರಲಾ?"

ಅವಳು ಅಗುಳಿ ತೆಗೆದಳು.