ಬಿಡು ಅಂದರೆ ಬ್ಲೇಡು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆಯಾದ ಹೊಸದರಲ್ಲಿ, ಕಾಫಿಗೆ ಸಕ್ಕರೆ ಕಮ್ಮಿ ಅಂದ ಗಂಡನ ಮೇಲೆ ಲೋಟವನ್ನೇ ಎಸೆದಿದ್ದೆ. ಅವರ ಹುಬ್ಬಿನ ಮೇಲೆ ಆ ಗುರುತು ಈಗಲೂ ಇದೆ. ತರಕಾರಿ ಗಾಡಿಯವನು, ಬಸ್ಸಿನ ಕಂಡಕ್ಟರು, ಎದುರು ಮನೆಯ ನಾಯಿ, ಯಾರನ್ನೂ ಸುಮ್ಮನೆ ಬಿಟ್ಟವಳಲ್ಲ. 'ನಾನು ಮನಸ್ಸಲ್ಲಿ ಏನೂ ಇಟ್ಕೊಳಲ್ಲಪ್ಪ, ಅಂದ್ಬಿಡ್ತೀನಿ, ಅಷ್ಟೆ' ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ.

ನಾನು ಕೆಲಸ ಮಾಡುವುದು ಚಾಮರಾಜಪೇಟೆಯ ಒಂದು ಹಳೇ ಮನೆಯ ಹಿತ್ತಲ ಶೆಡ್ಡಿನಲ್ಲಿ. ಶೆಡ್ಡಿನ ಯಜಮಾನರ ತಂದೆ ಬಳೇಪೇಟೆಯಲ್ಲಿ ಗಾಜಿನ ಬಳೆ ಮಾರುತ್ತಿದ್ದರಂತೆ. ಇವರದ್ದು ಐಸಿ ತುಂಬುವ ಪ್ಲಾಸ್ಟಿಕ್ ಟ್ಯೂಬಿನ ವ್ಯಾಪಾರ. ಐಸಿ ಅಂದರೆ ಟಿವಿ, ಕರೆಂಟ್ ಮೀಟರುಗಳ ಒಳಗಿರುವ, ಜಿರಳೆಗಿದ್ದ ಹಾಗೆ ಎರಡೂ ಕಡೆ ಕಾಲಿರುವ ಕಪ್ಪು ತುಣುಕು. ಆ ಕಾಲು ಬಾಗಬಾರದು, ಅದಕ್ಕೆ ಯಾರ ಬೆರಳೂ ತಾಗಬಾರದು. ಅಷ್ಟು ನಾಜೂಕು. ಅದಕ್ಕೇ ಅವನ್ನು ಸಾಲಾಗಿ ಟ್ಯೂಬಿನೊಳಗೆ ಜಾರಿಸಿ ಕಳಿಸುತ್ತಾರೆ. ನಮ್ಮಲ್ಲಿಗೆ ಬರುವುದು ಆಳುದ್ದದ ಖಾಲಿ ಟ್ಯೂಬು. ಅದನ್ನು ಮೊಳದುದ್ದಕ್ಕೆ ಕೊಯ್ದು, ಅಂಚು ಕೆರೆದು, ಒಂದು ತುದಿಗೆ ರಬ್ಬರ್ ಬಿರಡೆ ತುರುಕಿ, ಕಟ್ಟು ಕಟ್ಟಿ ಪೆಟ್ಟಿಗೆಗೆ ತುಂಬಬೇಕು.

ಕೊಯ್ಯುವ ಮಿಷನ್ನಿಗೆ ಊಟದ ತಟ್ಟೆಯಷ್ಟಗಲದ ಹಲ್ಲಿನ ಬ್ಲೇಡು. ಒಬ್ಬರು ಟ್ಯೂಬುಗಳ ಕಟ್ಟನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹಿಡಿ ಎಳೆದು ಬ್ಲೇಡನ್ನು ಕೆಳಗೆ ಬಿಡಬೇಕು. ಕಟ್ಟು ಹಿಡಿಯುವುದಕ್ಕೆಂದೇ ಕಬ್ಬಿಣದ ಕ್ಲಾಂಪು ಇತ್ತು. ಸಲಸಲವೂ ಅದನ್ನು ಬಿಗಿದು ಸಡಿಲಿಸುವ ತಾಳ್ಮೆ ನಮಗೆ ಯಾರಿಗೂ ಇರಲಿಲ್ಲ. ಬಿಚ್ಚಿ ಮೂಲೆಗೆ ಎಸೆದಿದ್ದೆವು. ಹಿಡಿ ಎಳೆಯುವವಳಿಗೆ ಬ್ಲೇಡಿನ ಮುಂದಿನ ತಗಡು ಅಡ್ಡವಾಗಿ ಇನ್ನೊಬ್ಬಳ ಕೈ ಕಾಣುವುದಿಲ್ಲ. ಕಿವಿಗೆ ಹತ್ತಿ ಬೇರೆ. ಹಾಗಾಗಿ ನಮ್ಮಲ್ಲಿ ಒಂದೇ ಮಾತು: 'ಬಿಡು'. ನನ್ನ ಕೈ ಆಚೆ ಇದೆ, ಬ್ಲೇಡು ಬಿಡು ಎಂದು ಅರ್ಥ. ಆ ಮಾತಿಗೆ ದೊಡ್ಡವರು ಚಿಕ್ಕವರು ಅಂತಿಲ್ಲ. ಯಜಮಾನರೇ ಹಿಡಿ ಹಿಡಿದು ನಿಂತರೂ 'ಬಿಡು' ಎಂದೇ ಕೂಗಬೇಕು. ಬನ್ನಿ, ಹೋಗಿ, ಬಿಡಿ ಎಲ್ಲ ಶೆಡ್ಡಿನಿಂದಾಚೆ.

ನನಗೆ ಜೊತೆಯಾಗಿ ಕಟ್ಟು ಹಿಡಿಯುತ್ತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಬಿನ್ನಿಪೇಟೆಯಲ್ಲಿ ಅತ್ತೆಯ ಜೊತೆ ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಮನೆಯಲ್ಲಿ ಅವಳು ನನಗೆ 'ಅಕ್ಕ, ಬನ್ನಿ', 'ಅಕ್ಕ, ಕೂತ್ಕೊಳಿ'. ಮಿಷನ್ ಮುಂದೆ ನಿಂತರೆ ದಿನವೆಲ್ಲ 'ಬಿಡು, ಬಿಡು'. ಮೊದಮೊದಲು ಹಾಗನ್ನುವುದಕ್ಕೆ ನಾಚಿಕೊಂಡು ನಾಲಿಗೆ ಕಚ್ಚುತ್ತಿದ್ದಳು. ನಾನೇ ರೇಗಿಸುತ್ತಿದ್ದೆ. 'ಅನ್ನೇ, ಪರವಾಗಿಲ್ಲ. ಮನೇಲಿ ಅನ್ನಕ್ಕಾಗ್ದೇ ಇರೋದನ್ನೆಲ್ಲ ಇಲ್ಲೇ ಅಂದ್ಬಿಡು.'

ಅವತ್ತು ಬೆಳಿಗ್ಗೆ ನನ್ನ ಮಗಳ ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಐದು ವರ್ಷದ ಕೂಸು. ದೋಸೆ ಹಿಟ್ಟಿನ ಪಾತ್ರೆ ಎಳೆದು ಬೀಳಿಸಿದ್ದಕ್ಕೆ ಇವಳು ಕಪಾಳಕ್ಕೆ ಬಾರಿಸಿದ್ದಳು. ನಾನು ನಲ್ಲಿಯ ಹತ್ತಿರದಿಂದ ಓಡಿ ಬಂದಾಗ ಮಗು ಉಸಿರು ಕಟ್ಟಿ ಅಳುತ್ತಿತ್ತು. ಅತ್ತೆ ನಡುವೆ ಬಂದು ನಿಲ್ಲದಿದ್ದರೆ ಇವಳ ಜಡೆ ನನ್ನ ಕೈಯಲ್ಲಿರುತ್ತಿತ್ತು. ಕೆಲಸಕ್ಕೆ ಹೊತ್ತಾಗಿತ್ತು. ಅವಳು ರಸ್ತೆಯ ಆ ಕಡೆ, ನಾನು ಈ ಕಡೆ, ಹಾಗೇ ನಡೆದು ಶೆಡ್ಡಿಗೆ ಬಂದೆವು.

ಅವತ್ತು ನಾನು ಹಿಡಿಯನ್ನು ಎಳೆಯಲಿಲ್ಲ, ಚಚ್ಚಿದೆ. ಪ್ಲಾಸ್ಟಿಕ್ಕು ಕಿರುಚುತ್ತಿತ್ತು, ಬಿಸಿ ಪುಡಿ ಹಾರಿ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಹೊಡೆಯಲಿ ಅನ್ನಿಸುತ್ತಿತ್ತು. ಸೀಳುಬಿಟ್ಟ ತುಂಡುಗಳನ್ನು ಬುಟ್ಟಿಗೆ ಹಾಕದೆ ಅವಳ ಕಡೆಗೇ ಎಸೆದೆ. ಒಂದು ಹೋಗಿ ಅವಳ ಮುಂಗೈ ಕೊಯ್ದು ರಕ್ತ ಬಂತು. ಅವಳು ಸೆರಗಿನಲ್ಲಿ ಒರೆಸಿಕೊಂಡು 'ಬಿಡು' ಅಂದಳು. ಬಿಟ್ಟೆ. 'ಬಿಡು.' ಬಿಟ್ಟೆ. ಅವಳು ಒಂದು ಮಾತು ತಿರುಗಿ ಆಡಿದ್ದರೂ ನನ್ನ ಸಿಟ್ಟು ಇಳಿಯುತ್ತಿತ್ತೋ ಏನೋ. ಆಡಲಿಲ್ಲ. ಆಗ ನಾನು ಆಡಬಾರದ್ದನ್ನು ಆಡಿದೆ.

'ಹೆತ್ತಿದ್ರೆ ಗೊತ್ತಾಗ್ತಿತ್ತು. ಬಂಜೆಗೇನೇ ಗೊತ್ತು ನಿಂಗೆ?'

ಅವಳು ಎರಡು ಸಲ ಬಸುರಾಗಿ ಎರಡು ಸಲವೂ ನಿಂತಿರಲಿಲ್ಲ. ಎರಡನೇ ಸಲ ರಕ್ತದ ಬಟ್ಟೆ ಒಗೆದವಳು ನಾನೇ.

ತಗಡಿನ ಆಚೆಯಿಂದ ಸಣ್ಣ ದನಿಯಲ್ಲಿ ಅಂದಳು. 'ಬಿಡಿ ಅಕ್ಕ.'

ನಾನು ಬ್ಲೇಡು ಬಿಟ್ಟೆ.

ಪ್ಲಾಸ್ಟಿಕ್ಕಿನ ಸದ್ದು ಬೇರೆ, ಮೂಳೆಯ ಸದ್ದು ಬೇರೆ. ಅವಳು ಕೂಗಲೂ ಇಲ್ಲ. ನಾನು ತಗಡು ದಾಟಿ ಹೋಗಿ ನೋಡಿದಾಗ ಎಡಗೈಯ ತೋರುಬೆರಳು, ನಡುಬೆರಳು ಎರಡೂ ಪುಡಿಯಲ್ಲಿ ಬಿದ್ದಿದ್ದವು. ರಕ್ತ ಟ್ಯೂಬುಗಳ ಒಳಗೆ ನುಗ್ಗಿ, ಗಾಜಿನ ಹಾಗಿದ್ದ ಇಡೀ ಕಟ್ಟು ಕೆಂಪಾಗುತ್ತಿತ್ತು. ಯಜಮಾನರು ಓಡಿ ಬಂದು ಸ್ವಿಚ್ ಆರಿಸಿದರು. ತಮ್ಮ ಟವಲನ್ನು ಅವಳ ಕೈಗೆ ಸುತ್ತಿ, ಬೆರಳುಗಳನ್ನು ಪ್ಯಾಕಿಂಗ್ ಕವರಿಗೆ ಹಾಕಿಕೊಂಡು ಆಟೋ ಹತ್ತಿಸಿದರು. ಆಸ್ಪತ್ರೆಯಲ್ಲಿ ಜೋಡಿಸಲಾಗಲಿಲ್ಲ.

ಆಟೋದಲ್ಲಿ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ. 'ಏನಮ್ಮಾ ಅಂದ್ಳು ಇವ್ಳು?'

'ಬಿಡು ಅಂದ್ಳು' ಅಂದೆ.

ಡಿ ಅಕ್ಷರದ ಗುಡಿಸು ಕಿತ್ತು ಕೊಂಬು ಹಾಕಿದೆ, ಅಷ್ಟೇ ನಾನು ಮಾಡಿದ ಕೆಲಸ. ಅಕ್ಕ ಅನ್ನುವುದನ್ನು ನುಂಗಿಕೊಂಡೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು, ಕಣ್ಣು ತೆರೆದೇ ಇತ್ತು.

ಸುದ್ದಿ ಕೇಳಿ ಮೈದುನ ಆಸ್ಪತ್ರೆಗೆ ಬಂದ. ಕೈ ಆಚೆ ತೆಗೆಯುವ ಮುಂಚೆಯೇ ಬಿಡು ಅಂದಳಂತೆ ಎಂದು ಯಜಮಾನರು ಹೇಳಿದರು. ಅವನು ನೇರ ಹೋಗಿ, ಬ್ಯಾಂಡೇಜ್ ಕಟ್ಟಿಕೊಂಡು ಬೆಂಚಿನ ಮೇಲೆ ಕೂತವಳ ಕೆನ್ನೆಗೆ ಹೊಡೆದ. 'ಗ್ಯಾನ ಎಲ್ಲಿತ್ತೇ ನಿಂಗೆ?' ಹೊಡೆತಕ್ಕೆ ಅವಳ ತಲೆ ಗೋಡೆಗೆ ಬಡಿಯಿತು. ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಸಕ್ಕರೆ ಕಮ್ಮಿ ಅಂದದ್ದಕ್ಕೆ ಲೋಟ ಎಸೆದ ನಾನು ಅಲ್ಲಿ ತುಟಿ ಹೊಲಿದುಕೊಂಡು ನಿಂತಿದ್ದೆ.

ಮನೆಯಲ್ಲಿ ಅತ್ತೆ 'ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು' ಎಂದು ಅವಳಿಗೇ ಬುದ್ಧಿ ಹೇಳಿದರು. ಬೀದಿಯಲ್ಲಿ ಅವಳು ಬಾಯಿ ಜಾರಿ ಬೆರಳು ಕಳೆದುಕೊಂಡವಳಾದಳು. ಯಜಮಾನರು ಕ್ಲಾಂಪು ತಿರುಗಿ ಹಾಕಿಸಿದರು, ಇನ್ನು ಮೇಲೆ ಎಲ್ಲರೂ 'ಕಟ್' ಅನ್ನಬೇಕು ಎಂದು ಗೋಡೆಯ ಮೇಲೆ ಬರೆಸಿದರು. ಅವಳನ್ನು ಬಿರಡೆ ತುರುಕುವ ಕೆಲಸಕ್ಕಾದರೂ ಕರೆಯುತ್ತಾರೆ ಅಂದುಕೊಂಡಿದ್ದೆ. 'ಬಾಯಿ ಕೈ ಎರಡೂ ಒಟ್ಟಿಗಿರ್ಬೇಕಮ್ಮ ಇಲ್ಲಿ' ಅಂದುಬಿಟ್ಟರು. ಅವಳು ಆಡದ ಮಾತಿಗೆ ಅವಳ ಕೆಲಸ ಹೋಯಿತು.

ಕಿವಿಯಲ್ಲಿ ಹತ್ತಿಯಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಸ್ಪಷ್ಟವಾಗಿ ಕೇಳಿಸಿತ್ತು. ಅವಳು ಸಾಕು ಎಂದು ಬೇಡಿಕೊಂಡಿದ್ದಳು, ಅದನ್ನು ಕೇಳಿ ನನ್ನ ಮೈ ಇನ್ನೂ ಉರಿದಿತ್ತು. ಬೆರಳು ಹೋಗಲಿ ಎಂದಲ್ಲ, ಬೆಚ್ಚಿ ಬೀಳಲಿ ಎಂದು ಎಳೆದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ ಅನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗಲ್ಲ.

ಹೊಲಿಗೆ ಬಿಚ್ಚಿದ ಮೇಲಿನ ಒಂದು ಭಾನುವಾರ ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ನನ್ನ ಮಗಳಿಗೆ ಜಡೆ ಹಾಕುತ್ತಿದ್ದಳು. ಮೂರು ಎಳೆ ಹಿಡಿಯಲು ಎಡಗೈಯಲ್ಲಿ ಬೆರಳು ಸಾಲದೆ, ಒಂದು ಎಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ. ಮಗಳನ್ನು ಒಳಗೆ ಕಳಿಸಿ ಅವಳ ಮುಂದೆ ಕುಕ್ಕರಿಸಿದೆ.

'ನೀನು ಬಿಡು ಅನ್ಲಿಲ್ಲ ಕಣೇ. ಬಿಡಿ ಅಕ್ಕ ಅಂದೆ. ನಂಗೆ ಕೇಳಿಸ್ತು. ಕೇಳಿಸ್ಕೊಂಡೇ ಎಳೆದೆ. ಇವತ್ತೇ ಎಲ್ರಿಗೂ ಹೇಳ್ತೀನಿ.'

ಅವಳು ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನು ನಿಧಾನವಾಗಿ ಬಿಡಿಸಿ ಉಂಡೆ ಮಾಡಿದಳು.

'ಬಿಡು' ಅಂದಳು.

ಹಿಂದೆಯೇ ಅಕ್ಕ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ.

ಸಂಜೆ ಎಲ್ಲರೂ ಕೂತಿದ್ದಾಗ ಹೇಳಿಯೇಬಿಟ್ಟೆ. ಮೈದುನ ತಲೆ ಕೆರೆದುಕೊಂಡ. ಅತ್ತೆ, 'ಬಿಡು ಅಂದ್ರೇನು, ಬಿಡಿ ಅಂದ್ರೇನು, ಎರಡೂ ಒಂದೇ ಅಲ್ವೇನೇ' ಅಂದರು. ಮಾರನೇ ದಿನ ಯಜಮಾನರೂ ಅದನ್ನೇ ಅಂದರು. ಎರಡೂ ಒಂದಲ್ಲ ಎಂದು ಅವಳಿಗೆ ಗೊತ್ತು, ನನಗೆ ಗೊತ್ತು. ಈಗ ಮನೆಯಲ್ಲೂ ಅವಳು ನನಗೆ ಬಾ, ಹೋಗು, ಬಿಡು ಅಂತಲೇ ಅನ್ನುತ್ತಾಳೆ. ಅಕ್ಕ ಅಂದಿಲ್ಲ.